ಅರ್ಧ ಸೌಟು

ಬುಧವಾರ, ಮಧ್ಯಾಹ್ನ

ನನ್ನ ಹಟಮಾರಿ ಅಮ್ಮನಿಗೆ, ನಿನಗಿಂತ ಹಟಮಾರಿಯಾದ ಮಗಳ ನಮಸ್ಕಾರ.

ನೀನು ಅತ್ತಿಗೆಯ ಕೈಲಿ ನನ್ನ ಅತ್ತೆಗೆ ಬರೆಸಿದ ಕಾಗದವನ್ನು ನಾನೂ ಓದಿದೆ. ಬಸುರಿಗೆ ಅರ್ಧ ಹೊಟ್ಟೆಯೇ ಸಾಕು, ಮಾತ್ರೆಯಂತೂ ಬೇಡವೇ ಬೇಡ, ಮಗು ದಪ್ಪವಾದರೆ ಹೆರಿಗೆ ಕಷ್ಟ ಎಂದು ಬರೆಸಿದ್ದೀಯಲ್ಲ, ನಿನಗೆ ಏನು ಹೇಳಲಿ? ಪಾಪ, ಅತ್ತೆ ಬೀಗಿತ್ತಿಯ ಮಾತು ಮೀರಬಾರದೆಂದು ನನ್ನ ತಟ್ಟೆಗೆ ಅರ್ಧ ಸೌಟೇ ಹಾಕತೊಡಗಿದರು. ಮಗ್ಗದ ಮುಂದೆ ಕೂತರೆ ಒಂದು ಎಳೆ ಎರಡಾಗಿ ಕಾಣುತ್ತಿತ್ತು. ಒಂದು ದಿನ ಕಣ್ಣು ಕತ್ತಲೆ ಕಟ್ಟಿ ಅಲ್ಲೇ ಒರಗಿಬಿಟ್ಟೆ.

ಅತ್ತೆ ಹೆದರಿ ನರ್ಸಮ್ಮನನ್ನು ಕರೆತಂದರು. ಅವರು ನನ್ನ ಕೆಳರೆಪ್ಪೆ ಎಳೆದು ನೋಡಿ, ಇಲ್ಲಿ ಕೆಂಪು ಅನ್ನೋದೇ ಇಲ್ವಲ್ಲ, ಯಾರಮ್ಮ ಇವಳನ್ನ ಉಪವಾಸ ಕೆಡವಿದ್ದು ಅಂದರು. ಅತ್ತೆ ನೆಲ ನೋಡಿದರು. ನಾನೂ ನಿನ್ನ ಹೆಸರು ಎತ್ತಲಿಲ್ಲ, ನಿನ್ನ ಮಾನ ಉಳಿಸಿದ್ದೇನೆ.

ಈಗ ಕಾಳು, ಸೊಪ್ಪು, ಮೊಟ್ಟೆ ಯಾವುದನ್ನೂ ಬಿಡುತ್ತಿಲ್ಲ. ಕಬ್ಬಿಣದ ಮಾತ್ರೆಗೆ ಮೊದಮೊದಲು ಹೊಟ್ಟೆ ತೊಳಸಿದಂತಾಯಿತು. ಮಲ ಕಪ್ಪಾದಾಗಲಂತೂ ಜೀವ ಬಾಯಿಗೆ ಬಂತು. ನರ್ಸಮ್ಮ ನಕ್ಕು, ಅದು ಮಾತ್ರೆ ನುಂಗಿದ್ದಕ್ಕೆ ರಸೀದಿ ಕಣಮ್ಮ ಅಂದರು. ಚಹಾದ ಜೊತೆ ನುಂಗಿದರೆ ದಂಡವಂತೆ. ಅಂದಿನಿಂದ ಮಾತ್ರೆಯ ಹೊತ್ತಿಗೆ ಅತ್ತೆ ಚಹಾದ ಪಾತ್ರೆಗೆ ಕಾವಲು ಕೂರುತ್ತಾರೆ.

ಅಕ್ಕನನ್ನು ನೆನೆದೇ ನೀನು ಹೆದರಿದ್ದು, ನನಗೆ ಗೊತ್ತು. ಅವಳು ಹೆರಿಗೆಯಲ್ಲಿ ತೀರಿಕೊಂಡಾಗ, ಮಗು ದಪ್ಪವಿತ್ತು, ಅದಕ್ಕೇ ಹೀಗಾಯಿತು ಎಂದು ಎಲ್ಲರೂ ಅಂದರು. ಅಮ್ಮ, ಆ ಮಗುವನ್ನು ಎತ್ತಿಕೊಂಡವಳು ನಾನು. ನನ್ನ ಎರಡು ಅಂಗೈ ಕೂಡ ತುಂಬಲಿಲ್ಲ. ಅರ್ಧ ಹೊಟ್ಟೆಯಲ್ಲೇ ದಿನ ತುಂಬಿದ್ದ ಅಕ್ಕನಿಗೆ ರಕ್ತ ಹೋಯಿತು, ತಡೆದುಕೊಳ್ಳಲು ಮೈಯಲ್ಲಿ ಏನೂ ಉಳಿದಿರಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ, ನಿನಗೆ ಯಾರೂ ತಿಳಿಸಿ ಹೇಳಿರಲಿಲ್ಲ. ಆದರೆ ನಾನು ಹಾಗೆ ಹೋಗುವವಳಲ್ಲ. ಹೆತ್ತು, ಮಗುವನ್ನು ಎತ್ತಿಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ. ಬೈಯುವುದಿದ್ದರೆ ಆಗ ಬೈಯಿ.

ನೀನೇ ಹೆಸರಿಟ್ಟ,
ಹೊಟ್ಟೆಬಾಕಿ

ತಾ.ಕ.: ಅತ್ತಿಗೆ, ಇಲ್ಲಿಗೇ ನಿಲ್ಲಿಸಬೇಡಿ, ಇದನ್ನೂ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ. ಹೋದ ವಾರ ನೀವು ನಿಮ್ಮೂರ ಆಸ್ಪತ್ರೆ ಬಿಟ್ಟು, ಎರಡು ಬಸ್ಸು ಹತ್ತಿ, ಇಲ್ಲಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂದಿದ್ದೆ. ಮಾತು ತಪ್ಪುತ್ತಿದ್ದೇನೆ. ಅಮ್ಮ, ಈ ಕಾಗದ ಓದುತ್ತಿರುವವರಿಗೆ ಈಗ ಮೂರು ತಿಂಗಳು. ನಿನ್ನ ಸೌಟಿಗೆ ಹೆದರಿ ಬಾಯಿ ಬಿಟ್ಟಿಲ್ಲ. ಇವತ್ತು ಅವರ ತಟ್ಟೆ ತುಂಬ ಬಡಿಸು.