ಬಾಗಿಲಲ್ಲಿ ಕೃಷ್ಣನ ಹೆಜ್ಜೆ

ಮೈಲಾಪೂರ್
14 ಅಕ್ಟೋಬರ್ 2003

ಚಿ. ಸೌ. ಶ್ರೀವಿದ್ಯಾಳಿಗೆ ಜಯಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ನಡುವೆ ಸೂತಕ ಬೇರೆ ಬಂತು. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ನಮ್ಮ ವಿಭಾ ಈಗ ತರಬೇತಿ ಕೇಂದ್ರಕ್ಕೆ ಒಬ್ಬಳೇ ಹೋಗಿ ಬರುತ್ತಾಳೆ ಕಣೇ! ಇಪ್ಪತ್ತಾರಾದರೂ ಎರಡು ಬೀದಿ ದಾಟಿದರೆ ದಾರಿ ಮರೆಯುತ್ತಿದ್ದ ಕೂಸು. ಅಲ್ಲಿನ ಕೋಮಲಾ ಟೀಚರ್ ಹೇಳಿದಂತೆ ದಾರಿಯ ಗುರುತುಗಳ ಫೋಟೋ ತೆಗೆದು, ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿದ್ದೇವೆ. ಕೊಳದ ಮೂಲೆ, ಎಳನೀರು ಗಾಡಿ, ಅಂಚೆಪೆಟ್ಟಿಗೆ, ಕೊನೆಗೆ ನಮ್ಮ ಬಾಗಿಲು. ಗುರುತು ಸಿಕ್ಕಿದಂತೆಲ್ಲ ಒಂದೊಂದು ಫೋಟೋ ಮಗುಚುತ್ತಾಳೆ.

ಎಲ್ಲ ಸರಿ, ನಮ್ಮನೆಯವರು ಬಾಗಿಲಿನ ಫೋಟೋ ತೆಗೆದದ್ದು ಮಾತ್ರ ಗೋಕುಲಾಷ್ಟಮಿಯ ದಿನ! ನಾನು ಅಕ್ಕಿಹಿಟ್ಟಿನಲ್ಲಿ ಒತ್ತಿದ್ದ ಕೃಷ್ಣನ ಪುಟ್ಟ ಹೆಜ್ಜೆಗಳೂ ಅದರಲ್ಲಿ ಬಿದ್ದಿವೆ. ಹೆಜ್ಜೆ ಇದ್ದರೇ ಮನೆ ಎಂಬುದು ವಿಭಾಳ ತೀರ್ಮಾನ. ಬೇರೆ ಫೋಟೋ ಕಟ್ಟಿದರೆ ಕಿತ್ತೆಸೆದಳು. ಹಾಗಾಗಿ ನಮಗೆ ದಿನವೂ ಅಷ್ಟಮಿ. “ಏನ್ ಜಯಾ, ಡೈಲಿ ಕೃಷ್ಣನ್ನ ಕರೀತೀಯ, ಒಂದಿನಾನೂ ಚಕ್ಕುಲಿ ಬರ್ಲಿಲ್ವೇ?” ಎಂದು ಎದುರುಮನೆ ಅಂಬುಜಮ್ಮ ಕುಟುಕುತ್ತಾರೆ.

ಅಷ್ಟರಲ್ಲಿ ಇವರ ದೊಡ್ಡಪ್ಪನ ಮಗ ಸುಶಮೀಂದ್ರ ತೀರಿಕೊಂಡರು. ಸೂತಕದಲ್ಲಿ ಬಾಗಿಲಿಗೆ ರಂಗೋಲಿ ಎಲ್ಲಿಯದು? ಸಂಜೆ ಬಂದ ವಿಭಾ ಬೀದಿಯಲ್ಲೇ ನಿಂತಳು. ಹೊಸ್ತಿಲಲ್ಲಿ ನಿಂತು ಎಷ್ಟು ಕರೆದರೂ ಜಪ್ಪಯ್ಯ ಅನ್ನಲಿಲ್ಲ. ಆಟೋದವನೊಬ್ಬ, “ಎನ್ನಮ್ಮಾ, ವೀಡು ತೆರಿಯಲಿಯಾ?” ಎಂದ, ಮನೆ ಗೊತ್ತಾಗಲಿಲ್ಲವೇ ಅಂತ. “ಅಮ್ಮಾ ಇರುಕ್ಕಾಂಗ. ಕಾಲ್ ಇಲ್ಲೈ,” ಎಂದಳು ಮಹಾರಾಯಿತಿ. ಅಮ್ಮ ಇದ್ದಾಳೆ, ಕಾಲಿಲ್ಲ ಅಂತ! ಪಾಪ, ಅವನು ಬಗ್ಗಿ ನನ್ನ ಕಾಲು ನೋಡಿದ!

ಇವರು ಶಾಸ್ತ್ರ ಬಿಡಲೊಲ್ಲರು, ಮಗಳನ್ನು ಬೀದಿಯಲ್ಲಿ ನೋಡಲಾರರು. “ರಂಗೋಲಿ ಹಾಕಬಾರ್ದು, ನಿಜ. ಹಿಟ್ಟು ತಾನಾಗಿ ಚೆಲ್ಲಿದ್ರೆ ಯಾರೇನ್ ಮಾಡೋಕಾಗತ್ತೆ?” ಎಂದು ಡಬ್ಬಿ ಬೋರಲು ಹಾಕಿ, ಅದರ ಮೇಲೆ ತಾವೇ ನಡೆದು ಒಳಗೆ ಬಂದರು. ವಿಭಾ ಬಗ್ಗಿ ನೋಡಿದಳು. “ಇದು ಕೃಷ್ಣಂದಲ್ಲ, ಅಪ್ಪಂದು. ದೊಡ್ಡದು.”

ಬೀದಿಯೆಲ್ಲ ನಕ್ಕಿತು. ಸಾವಿನ ಸೂತಕ ಮರೆತು ನಾನೂ ನಕ್ಕೆ. ನಗುತ್ತಲೇ ಕೂತು, ಮುಷ್ಟಿಗೆ ಹಿಟ್ಟು ಹಚ್ಚಿ ಹೆಜ್ಜೆ ಒತ್ತಿದೆ. ಅವುಗಳ ಪಕ್ಕದಲ್ಲೇ ನಡೆದು ಒಳಗೆ ಬಂದ ವಿಭಾ ಕಾಫಿ ಕೇಳಿದಳು.

ನಿಮ್ಮ ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನೂರು ಕಾಲ ಸುಖವಾಗಿರು.

ನಿನ್ನ
ಜಯಕ್ಕ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಗಡ್ಡೆ ಮತ್ತೆ ಬಂದಿದೆ, ಮುಂದಿನ ವಾರ ಆಸ್ಪತ್ರೆಗೆ ಸೇರಬೇಕು. ಸಾವಿಗಲ್ಲ ಕಣೇ ನನ್ನ ಹೆದರಿಕೆ. ನಾನು ಹೋದಾಗಲೂ ಈ ಬಾಗಿಲಲ್ಲಿ ರಂಗೋಲಿ ಇರುವುದಿಲ್ಲ. ವಿಭಾ ಬೀದಿಯಲ್ಲೇ ನಿಲ್ಲುತ್ತಾಳೆ, ಹೆಜ್ಜೆ ಒತ್ತಲು ನಾನಿರುವುದಿಲ್ಲ. ಯಾರು ಏನೇ ಅನ್ನಲಿ, ನೀನು ಬಂದು ಒತ್ತು. ಚಿಕ್ಕದಾಗಿ ಒತ್ತು. ನಿನ್ನ ಮುಷ್ಟಿ ನನ್ನದಕ್ಕಿಂತ ದೊಡ್ಡದು.