ಟೇಪಿಗೆ ಸಿಗದ ಅಳತೆ

ಇವಳೇ,

ನೀನು ಹೋದಲ್ಲಿಗೆ ಅಂಚೆಯಿಲ್ಲ, ಗೊತ್ತು. ಆದರೂ ಈ ಸುದ್ದಿಯನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಮೊನ್ನೆ ಅಂಗಡಿಯಲ್ಲಿ ಗುಂಡಿ ಹಾಕುವಾಗ ಸೂಜಿ ಬೆರಳಿಗೆ ಚುಚ್ಚಿದ್ದೇ ತಿಳಿಯಲಿಲ್ಲ. ಗಿರಾಕಿಯ ಬಿಳಿ ಅಂಗಿಯ ಮೇಲೆ ಕೆಂಪು ಚುಕ್ಕೆ ಕಂಡಾಗಲೇ ಗೊತ್ತಾಗಿದ್ದು. ಸುದ್ದಿ ಕೇಳಿ ತನ್ನ ಮನೆಯಿಂದ ಓಡಿಬಂದ ಮಗಳು ಬಿಡಲಿಲ್ಲ, ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು.

ಇವತ್ತು ರಿಪೋರ್ಟ್ ಬಂತು. "ನಿಮಗೆ ಅಪೌಷ್ಟಿಕತೆ" ಎಂದರು ಡಾಕ್ಟರಮ್ಮ. ನನಗೆ ನಗು ತಡೆಯಲಾಗಲಿಲ್ಲ.

"ಈ ಹೊಟ್ಟೆ ನೋಡಿ ಹೇಳಿ ಅಮ್ಮಾ! ಬೇಕಾದ್ರೆ ನನ್ನ ಟೇಪನ್ನೇ ಕೇಳಿ. ಎರಡು ಸಲ ಪ್ಯಾಂಟಿನ ಸೊಂಟ ಅಗಲ ಮಾಡ್ಕೊಂಡಿದ್ದೀನಿ."

"ಹೊಟ್ಟೆ ತುಂಬೋದೇ ಬೇರೆ, ಮೈಗೆ ಹತ್ತೋದೇ ಬೇರೆ. ನಿಮ್ಮ ರಕ್ತದಲ್ಲಿ ವಿಟಮಿನ್ ಬಿ12 ತೀರಾ ಕಮ್ಮಿ, ಕಬ್ಬಿಣದ ಅಂಶನೂ ಸಾಲದು. ಬೆರಳು ಜೋಮು ಹಿಡಿಯೋದು ಅದಕ್ಕೇ. ರಕ್ತ ಅರ್ಧ ಹೇಳುತ್ತೆ, ಇನ್ನರ್ಧ ನೀವು ಹೇಳಿ. ದಿನಾ ಏನು ತಿಂತೀರಿ?"

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಫೋನಿನಲ್ಲಿ ಅವಳಿಗೆ ದಿನವೂ "ಊಟ ಆಯ್ತಮ್ಮಾ" ಎನ್ನುತ್ತಿದ್ದವನು ನಾನೇ ತಾನೆ?

"ಟೀ, ಬನ್ನು" ಎಂದೆ.

"ಯಾವಾಗಿಂದ ಅಪ್ಪಾ?"

ನೀನು ಹೋದಾಗಿನಿಂದ ಎನ್ನುವ ಬದಲು ಕೊರಳಲ್ಲಿದ್ದ ಟೇಪನ್ನು ಸುತ್ತತೊಡಗಿದೆ. ಡಾಕ್ಟರಮ್ಮ ಇಂಜೆಕ್ಷನ್, ಮಾತ್ರೆ ಬರೆದುಕೊಟ್ಟು, ಹೊತ್ತುಹೊತ್ತಿಗೆ ಅಡುಗೆ ಮಾಡಿ ತಿನ್ನಬೇಕೆಂದು ತಾಕೀತು ಮಾಡಿದರು.

ಸಂಜೆ ಅಂಗಡಿಯನ್ನು ಬೇಗ ಮುಚ್ಚಿ, ನಿನ್ನ ಪಾತ್ರೆಯಲ್ಲೇ ಬೇಳೆ, ಸೊಪ್ಪು ಬೇಯಿಸಿದೆ. ಜೊತೆಗೆ ಎರಡು ಮೊಟ್ಟೆ. ಬಡಿಸಿಕೊಂಡು ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ಕಡಿಮೆಯಾಗಿತ್ತು.

ನಿನ್ನ ಅಡುಗೆಗೆ ಮಾಡುತ್ತಿದ್ದಂತೆ ಈ ಸಲ ತಟ್ಟೆ ತಳ್ಳಲಿಲ್ಲ ಕಣೇ. ತುಟಿ ಪಿಟಕ್ಕೆನ್ನದೆ ಅಷ್ಟನ್ನೂ ಉಂಡೆ.