ಲೇಡೀಸ್ ಲಿಸ್ಟ್

ಜೂನ್ 2, ಸೋಮವಾರ

ಇಪ್ಪತ್ತಾರು ಸ್ಕ್ಯಾನ್. ಎಲ್ಲ ಹೆಂಗಸರು. ಸ್ಕ್ಯಾನಿನ ಹಿಡಿಕೆ ಒತ್ತಿ ಒತ್ತಿ ಸಂಜೆಗೆ ಬಲಭುಜ ಎತ್ತಲಾಗಲಿಲ್ಲ. ಬೈಲಹೊಂಗಲದ ಈ ಸೆಂಟರಿನಲ್ಲಿ ನಾವು ನಾಲ್ವರು ರೇಡಿಯಾಲಜಿಸ್ಟರು, ಹೆಂಗಸು ನಾನೊಬ್ಬಳೇ. ಹಾಗಾಗಿ ಲೇಡೀಸ್ ಲಿಸ್ಟ್ ನನ್ನದು. ಹೊಸ ಸಿ.ಟಿ. ಮಶೀನು ವಿರೂಪಾಕ್ಷನಿಗೆ. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ವಿನಯವಂತ — ಅದೇ ಕಷ್ಟ.

ಜೂನ್ 5

ಮಾಲೀಕ ಮಲ್ಲಿಕಾರ್ಜುನರ ಮುಂದೆ ಕೂತೆ. ಸಿ.ಟಿ. ಕೊಡಿ ಎಂದೆ.

"ಮೇಡಂ, ಹೆಣ್ಮಕ್ಕಳು ನಿಮ್ಮ ಹೆಸರು ಕೇಳ್ಕೊಂಡು ಬರತಾರ. ಸಿ.ಟಿ. ಯಾರರೆ ಓದತಾರ್ರಿ."

"ಹಂಗಾದ್ರ ಇನ್ನೊಬ್ಬ ಲೇಡಿ ಡಾಕ್ಟರ್ನ ತಗೋರಿ."

"ಎಲ್ಲಿ ಸಿಗತಾರ್ರಿ? ಸಂತ್ಯಾಗ ಮಾರತಾರೇನು?"

ನಕ್ಕರು. ಸಿ.ಟಿ. ಇಲ್ಲದಿದ್ದರೆ ಸೋಮವಾರದಿಂದ ಬರುವುದಿಲ್ಲ ಎಂದೆ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನೋಡ್ರಿ, ಒಂದ್ ವಾರ ಸಿ.ಟಿ. ನಿಮಗ."

ಜೂನ್ 9, ಸೋಮವಾರ

ಸಿ.ಟಿ. ಕೋಣೆ. ತಂಪು. ಒಂಬತ್ತು ರಿಪೋರ್ಟ್. ಒಂದು ಶ್ವಾಸಕೋಶದಲ್ಲಿ ಸಾಸಿವೆಯಷ್ಟು ಗಂಟು, ಹಿಡಿದೆ. ಸಂತೋಷ ಅನ್ನಬಹುದೇನೋ...

ಜೂನ್ 11

ಕೌಂಟರಿನ ಪ್ರಣಿತಾ ಇವತ್ತು ಬಾಯಿಬಿಟ್ಟಳು. ಸೋಮವಾರ ರಾಮದುರ್ಗದಿಂದ ಮಹಾನಂದಾ ಅನ್ನುವವಳು ಬಂದಿದ್ದಳಂತೆ. ಎದೆಯಲ್ಲಿ ಗಂಟು, ನಾಲ್ಕು ತಿಂಗಳಿಂದ. ಲೇಡೀಸ್ ಕೋಣೆಯಲ್ಲಿ ವಿರೂಪಾಕ್ಷ ಇದ್ದ.

"ಗಂಡಸ್ರ ಕೈಲೆ ಒಲ್ಲೆ ಅಂದ್ಲ್ರಿ. ನೀರು ಕುಡದು ಹೋದ್ಲು."

"ನನ್ನ ಯಾಕ ಕರೀಲಿಲ್ಲ?"

"ಲೇಡೀಸ್ ಯಾರನ್ನೂ ಕಳಸಬ್ಯಾಡ ಅಂದವ್ರು ನೀವ ಅಲ್ರಿ ಮೇಡಂ."

ಅಂದಿದ್ದೆ.

ರಿಜಿಸ್ಟರಿನಲ್ಲಿದ್ದ ಅವಳ ನಂಬರಿಗೆ ಫೋನ್ ಮಾಡಿದೆ. ಅವಳ ಗಂಡ ಎತ್ತಿದ. "ಅಕಿದು ಸ್ಕ್ಯಾನ್ ಆತಲ್ರಿ. ಏನೂ ಇಲ್ಲ ಅಂದಾರಂತ."

ಆಗಿಲ್ಲ ಎಂದೆ. ಅವಳ ಸುಳ್ಳು ನಾನು ಬಿಚ್ಚಬಾರದಿತ್ತೇನೋ. ಬಿಚ್ಚಿದೆ.

"ಶನಿವಾರ ಕರಕೊಂಡು ಬರ್ರಿ. ನಾನ ನೋಡತೇನಿ."

ಜೂನ್ 14, ಶನಿವಾರ

ಬಂದಳು. ಮುಖ ಗೋಡೆಗೆ ತಿರುಗಿಸಿ ಮಲಗಿದಳು. ಗಂಟಿನ ಅಂಚು ಮುಳ್ಳುಮುಳ್ಳು. ಕಂಕುಳಲ್ಲೂ ಒಂದು. ಬೆಳಗಾವಿಯ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟೆ.

"ಸೋಮವಾರನ ನೋಡಿದ್ರ ಬ್ಯಾರೆ ಇರತಿತ್ತೇನ್ರಿ ಡಾಕ್ಟರ್ ಬಾಯಾರ?"

ಐದು ದಿನಕ್ಕೆ ಏನೂ ಆಗೋದಿಲ್ಲ ಎಂದೆ. ನಾಲ್ಕು ತಿಂಗಳ ಮಾತು ಎತ್ತಲಿಲ್ಲ.

ಸೆರಗು ಸರಿಮಾಡಿಕೊಂಡು ಹೇಳಿದಳು: "ನಮ್ಮ ಓಣ್ಯಾಗ ಇನ್ನಿಬ್ರು ಹಿಂಗ ಮುಚ್ಚಿಟ್ಕೊಂಡು ಕುಂತಾರ್ರಿ. ನೀವು ಇರತೀರಿ ಅಂದ್ರ ಕರಕೊಂಡು ಬರತೇನಿ."

ಹೊರಗೆ ಪ್ರಣಿತಾ ಮುಂದಿನ ವಾರದ ಪಟ್ಟಿ ಹಿಡಿದು ನಿಂತಿದ್ದಳು. "ಲೇಡೀಸ್ ಲಿಸ್ಟಿಗೆ ಯಾರ ಹೆಸರು ಬರೀಲ್ರಿ?"

"ನಂದ ಬರಿ."

ಬರೆದಳು. ಸಿ.ಟಿ.ಗೆ ಯಾರದು ಅಂತ ಕೇಳಲಿಲ್ಲ. ಕೇಳಿದ್ದರೆ ಅದೂ ನಂದ ಅನ್ನುತ್ತಿದ್ದೆನೋ ಏನೋ.